ಎಡಗಡೆಯ ಗಂಟು

ಗಂಗರಾಜುವಿನ ಬನಿಯನ್ನಿನ ಮೇಲೆ ಕಲೆ ಕಂಡದ್ದು ಅವನ ಹೆಂಡತಿ ನಿರ್ಮಲಾಗೆ. ಒಗೆಯುವ ಕಲ್ಲಿನ ಮುಂದೆ ನಿಂತು ಬನಿಯನ್ನನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಎಡಗಡೆ, ಸರಿಯಾಗಿ ಮೊಲೆತೊಟ್ಟಿನ ಜಾಗದಲ್ಲಿ ಕಂದು ಬಣ್ಣದ ಕಲೆ. ಹೋದ ವಾರವೂ ಹೀಗೇ ಇತ್ತು. ಆಗ ತೆಂಗಿನ ಮಟ್ಟೆಯ ಕರೆ ಇರಬೇಕು ಎಂದುಕೊಂಡು ಸೋಪು ಹಚ್ಚಿ ಉಜ್ಜಿದ್ದಳು. ಆದರೆ ಮಟ್ಟೆಯ ಕರೆ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ಇದು ನೀರು ಬಿದ್ದ ಕೂಡಲೇ ಕೆಂಪಗೆ ಹರಡಿತು.

"ರೀ, ಸ್ವಲ್ಪ ಇಲ್ಬನ್ನಿ" ಎಂದು ಕೂಗಿದಳು.

ಗಂಗರಾಜು ಅಂಗಳದಲ್ಲಿ ಕೊಬ್ಬರಿ ಸುಲಿಯುತ್ತಿದ್ದ. ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿದ್ದ ಕಾಯಿಗಳನ್ನು ಸಂಕ್ರಾಂತಿ ಕಳೆದ ಮೇಲೆ ಇಳಿಸಿದ್ದರು. ಅವನಿಗೆ ಐವತ್ತೈದು. ಬಿಳಿಗೆರೆಯಲ್ಲಿ ಅವನಷ್ಟು ಚುರುಕಾಗಿ ಸುಲಿಯುವವರು ಈಗಲೂ ಕಡಿಮೆ. ಕೆಲಸಕ್ಕೆ ನಿಂತರೆ ಯಾರು ಕರೆದರೂ ಬಿಟ್ಟು ಬರುವವನಲ್ಲ.

"ಅಲ್ಲಿಂದ್ಲೇ ಹೇಳು."

"ಎದೆ ಮೇಲೆ ಏನಾಗೈತೆ ನಿಮ್ಗೆ? ಬನಿಯನ್‌ಗೆ ರಕ್ತ ಆಗೈತೆ."

"ಕಾಯಿ ಮೂಟೆ ಹೊತ್ತಿದ್ನಲ್ಲ, ತರಚಿರ್ಬೇಕು ಬುಡು."

ಭಾನುವಾರ ಎಣ್ಣೆಸ್ನಾನ. ನಿರ್ಮಲಾ ಎಂದಿನಂತೆ ಅವನ ಬೆನ್ನಿಗೆ ಹರಳೆಣ್ಣೆ ತಿಕ್ಕಿದಳು. ಆಮೇಲೆ ಹೇಳದೆ ಕೇಳದೆ ಎದೆಗೂ ಕೈ ಹಾಕಿದಳು. ಎಡ ಮೊಲೆತೊಟ್ಟಿನ ಕೆಳಗೆ ಒಣಗಿದ ಅಡಿಕೆಯಷ್ಟು ಗಟ್ಟಿಯಾದ ಗಂಟು ಬೆರಳಿಗೆ ಸಿಕ್ಕಿತು. ಒತ್ತಿದರೆ ಜರುಗಲಿಲ್ಲ.

"ನೋಯ್ತದಾ?"

"ಇಲ್ಲ."

"ಯಾವಾಗಿಂದ ಐತೆ?"

ಗಂಗರಾಜು ಮುಖಕ್ಕೆ ನೀರು ಎರಚಿಕೊಂಡ. "ದಸರಾ ಹೊತ್ತಿಂದ ಇರ್ಬೋದು. ನೋವಿಲ್ದಿದ್ಮೇಲೆ ಅದ್ರ ಪಾಡಿಗೆ ಅದು ಇರ್ಲಿ ಬುಡೇ."

ಅಂದು ಮಧ್ಯಾಹ್ನ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕುಳಿತಿದ್ದರು. ಮುದ್ದೆ, ಹುರುಳಿಕಾಳಿನ ಸಾರು. ಗಂಗರಾಜುವಿನ ತಾಯಿ ಅಂಕಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಎಂಬತ್ತರ ಹತ್ತಿರವಾದರೂ ಅಡುಗೆಮನೆಯಲ್ಲಿ ಅವಳ ಮಾತೇ ನಡೆಯುತ್ತಿತ್ತು. ಮಗ ಪುನೀತ್ ಗೂಡ್ಸ್ ಆಟೊ ಇಟ್ಟುಕೊಂಡು ಸುತ್ತಲಿನ ಊರುಗಳ ಕೊಬ್ಬರಿಯನ್ನು ತಿಪಟೂರಿಗೆ ಸಾಗಿಸುತ್ತಿದ್ದ. ಅವನ ಹೆಂಡತಿ ಸುಷ್ಮಿತಾ ನೊಣವಿನಕೆರೆಯ ಹುಡುಗಿ. ಮದುವೆಯಾಗಿ ಒಂದೂವರೆ ವರ್ಷ. ಫಾರ್ಮಸಿ ಡಿಪ್ಲೊಮಾ ಓದಿದ್ದಳು, ತಿಪಟೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು.

ನಿರ್ಮಲಾ ಸಾರು ಬಡಿಸುತ್ತಲೇ ಗಂಟಿನ ವಿಷಯ ಎತ್ತಿದಳು. ಗಂಗರಾಜು ತಟ್ಟೆಯ ಮೇಲೆ ಇನ್ನೂ ಬಗ್ಗಿದ.

ಸುಷ್ಮಿತಾ ಕೈಯಲ್ಲಿದ್ದ ಮುದ್ದೆ ಕೆಳಗಿಟ್ಟಳು. "ಮಾವ, ತಡ ಮಾಡ್ಬೇಡಿ. ಡಾಕ್ಟ್ರಿಗೆ ತೋರ್ಸಿ. ಹೆಂಗಸರಿಗೆ ಬರೋ ಕ್ಯಾನ್ಸರ್ ಗಂಡಸರಿಗೂ ಬರುತ್ತೆ. ನಾನು ಓದಿದ್ದೀನಿ."

ಪುನೀತ್ ಅವಳ ಕಡೆ ಕಣ್ಣು ಬಿಟ್ಟು ನೋಡಿದ. "ಊಟದ್ ಹೊತ್ನಲ್ಲಿ ಎಂಥಾ ಮಾತು ಕಣೇ?"

"ಗಂಡ್ಸಿಗೆ ಎದೆಗೆಡ್ಡೆನಾ?" ಎಂದಳು ಅಂಕಮ್ಮ. "ಊರೋರು ಕೇಳಿದ್ರೆ ನಕ್ಕಾರು. ಸುಮ್ನಿರವ್ವ ನೀನು. ಸಣ್ಣತಿಮ್ಮಯ್ಯಂಗೆ ಹೇಳ್ಕಳಿಸ್ತೀನಿ, ಸೊಪ್ಪು ಕಟ್ತಾನೆ." ಇಷ್ಟು ಹೇಳಿ ಅರ್ಧ ಊಟದಲ್ಲೇ ಎದ್ದು ಕೈ ತೊಳೆಯಲು ಹೋದಳು. ಮುದ್ದೆ ಬಿಟ್ಟು ಏಳುವವಳಲ್ಲ ಅವಳು. ನಿರ್ಮಲಾ ಮಾತ್ರ ಅದನ್ನು ಗಮನಿಸಿದಳು.

ಸಣ್ಣತಿಮ್ಮಯ್ಯ ಪಕ್ಕದ ಊರಿನವನು. ಮುರಿದ ಮೂಳೆಗೆ, ಊತಕ್ಕೆ ಸೊಪ್ಪು ಕಟ್ಟುತ್ತಿದ್ದ. ಮೂರು ವಾರ ದಿನ ಬಿಟ್ಟು ದಿನ ಬಂದು ಹಸಿ ಸೊಪ್ಪು ಅರೆದು ಎದೆಗೆ ಕಟ್ಟಿದ. ಗಂಗರಾಜು ಅದರ ಮೇಲೆ ಅಂಗಿ ಹಾಕಿಕೊಂಡು ತೋಟಕ್ಕೆ ಹೋದ, ಹಸುಗಳಿಗೆ ಹುಲ್ಲು ಕೊಯ್ದ, ಡೈರಿಗೆ ಹಾಲು ಹಾಕಿ ಬಂದ. ಗಂಟು ಕರಗಲಿಲ್ಲ. ಮೊಲೆತೊಟ್ಟು ಒಳಕ್ಕೆ ಎಳೆದುಕೊಂಡಿತು. ಕೊನೆಗೆ ಸಣ್ಣತಿಮ್ಮಯ್ಯನೇ ಕೈ ಒರೆಸಿಕೊಂಡು, "ಇದು ನನ್ ಕೈಲಾಗೋದಲ್ಲ ಕಣಪ್ಪ, ದೊಡ್ಡಾಸ್ಪತ್ರೆಗೆ ಹೋಗು" ಅಂದ. ಆದರೂ ಗಂಗರಾಜು ಕದಲಲಿಲ್ಲ. ಕೊಬ್ಬರಿ ಮಾರಿದ ಮೇಲೆ ನೋಡೋಣ ಅಂದ. ಹುರುಳಿ ಬಡಿದ ಮೇಲೆ ನೋಡೋಣ ಅಂದ.

ಒಂದು ಸಂಜೆ ಸುಷ್ಮಿತಾ ಕೊಟ್ಟಿಗೆಯ ಹತ್ತಿರ ಪುನೀತನನ್ನು ಹಿಡಿದಳು.

"ನಿಮ್ಮಪ್ಪನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಯಾರ ಕೆಲಸ? ನಂದಾ?"

"ಅವ್ರು ಬರಲ್ಲ ಅಂದ್ರೆ ಹೊತ್ಕಂಡೋಗ್ಲಾ?"

"ಹೊತ್ಕೊಂಡೇ ಹೋಗು. ನಿನ್ ಹತ್ರ ಗಾಡಿ ಇಲ್ವಾ?"

ಮರುದಿನ ಬೆಳಿಗ್ಗೆ ಪುನೀತ್ ಕೊಬ್ಬರಿ ಚೀಲಗಳನ್ನು ಆಟೊಗೆ ಹೇರಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡ. ತಿಪಟೂರು ಮುಟ್ಟಿದ ಮೇಲೆ ಮಾರುಕಟ್ಟೆಯ ದಾರಿ ಹಿಡಿಯದೆ ಗಾಡಿಯನ್ನು ಒಂದು ಆಸ್ಪತ್ರೆಯ ಮುಂದೆ ನಿಲ್ಲಿಸಿದ.

"ಅಪ್ಪ, ಇಳಿ."

"ಮಾಲು ಹೇರ್ಕಂಡು ಇಲ್ಯಾಕ್ ನಿಲ್ಲಿಸ್ದೆ ಕಣ್ಲಾ?"

"ಮಾಲು ಇಲ್ಲೇ ಇರ್ತದೆ. ನೀನು ತೋರ್ಸ್ಕಂಡು ಬಂದ್ಮೇಲೇ ಈ ಗಾಡಿ ಮುಂದಕ್ಕೆ ಹೋಗೋದು."

"ಬಿಸ್ಲಲ್ಲಿ ಎಷ್ಟೊತ್ತು ನಿಲ್ಲಿಸ್ತೀಯಾ?"

"ಸಂಜೆವರ್ಗೂ ನಿಲ್ಲಿಸ್ತೀನಿ. ನಾಳೆವರ್ಗೂ ನಿಲ್ಲಿಸ್ತೀನಿ."

ಗಂಗರಾಜು ಮಗನ ಮುಖ ನೋಡಿದ. ಪುನೀತನ ಗಲ್ಲ ಅದುರುತ್ತಿತ್ತು. ಚಿಕ್ಕವನಿದ್ದಾಗ ಅಳು ತಡೆದುಕೊಂಡರೆ ಹಾಗೆ ಅದುರುತ್ತಿತ್ತು. ಗಂಗರಾಜು ಹೆಗಲ ಮೇಲಿನ ಟವೆಲು ಕೊಡವಿ ಇಳಿದ.

ಅಲ್ಲಿಯ ಡಾಕ್ಟರು ಎರಡೇ ನಿಮಿಷ ಕೈಯಿಟ್ಟು ನೋಡಿ, ಕಂಕುಳನ್ನೂ ಒತ್ತಿ ನೋಡಿ, ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿಗೆ ಗಂಡ ಹೆಂಡತಿ ಮತ್ತು ಸುಷ್ಮಿತಾ ರೈಲಿನಲ್ಲಿ ಹೋದರು. ಸ್ತನದ ಎಕ್ಸ್‌ರೇ ತೆಗೆಯುವ ಮ್ಯಾಮೊಗ್ರಾಂ ಕೋಣೆಯ ಮುಂದೆ ಉದ್ದದ ಬೆಂಚು. ಅದರ ತುಂಬ ಹೆಂಗಸರು. ಗಂಗರಾಜು ಕಂಬದ ಮರೆಯಲ್ಲಿ ನಿಂತ. ಹೆಸರು ಕೂಗಿದಾಗ ಒಳಗೆ ಹೆಜ್ಜೆಯಿಟ್ಟರೆ ಬಾಗಿಲಲ್ಲಿದ್ದ ಆಯಾ ಅಡ್ಡ ಕೈ ಹಾಕಿದಳು.

"ಗಂಡಂದಿರು ಹೊರಗಿರಿ. ಪೇಷಂಟ್ ಕಳಿಸಿ."

ಬೆಂಚಿನ ಹೆಂಗಸರೆಲ್ಲ ನಿರ್ಮಲಾಳ ಕಡೆ ನೋಡಿದರು. ಗಂಗರಾಜುವಿನ ಕಿವಿ ಕೆಂಪಾಯಿತು. ತಿರುಗಿ ಮೆಟ್ಟಿಲ ಕಡೆ ನಡೆದೇಬಿಟ್ಟ. ನಿರ್ಮಲಾ ಅವನ ತೋಳು ಹಿಡಿದಳು.

"ಎಲ್ಲಿಗೋಗ್ತೀರಿ? ನಾನಿಲ್ಲಿ ಒಂದ್ಸಲ ಹೇಳ್ತೀನಿ, ಕೇಳಿಸ್ಕಳಿ. ನೀವು ಇವತ್ತು ಒಳಕ್ಕೆ ಹೋಗ್ಲಿಲ್ಲ ಅಂದ್ರೆ ನಾನು ಬಿಳಿಗೆರೆಗೆ ಬರಲ್ಲ. ಇದೇ ಬೆಂಚ್ ಮೇಲೆ ಕೂತಿರ್ತೀನಿ."

ಮೂವತ್ತು ವರ್ಷದ ಸಂಸಾರದಲ್ಲಿ ನಿರ್ಮಲಾ ಬೇರೆಯವರ ಎದುರು ಗಂಡನಿಗೆ ಹೀಗೆ ಮಾತಾಡಿದ್ದು ಅದೇ ಮೊದಲು. ಬೆಂಚಿನ ಮೇಲಿದ್ದ ವಯಸ್ಸಾದ ಹೆಂಗಸೊಬ್ಬಳು ಸ್ವಲ್ಪ ಸರಿದು ಜಾಗ ಮಾಡಿ, "ಕೂತ್ಕೊಳ್ಳಪ್ಪ. ಕಾಯಿಲೆ ಏನು ಗಂಡ್ಸು ಹೆಂಗ್ಸು ಅಂತ ಕೇಳ್ಕೊಂಡು ಬರ್ತದಾ?" ಅಂದಳು. ಸುಷ್ಮಿತಾ ಆಯಾಗೆ ಚೀಟಿ ತೋರಿಸಿದಳು. ಆಯಾ ಓದಿ, ನಾಲಗೆ ಕಚ್ಚಿಕೊಂಡು, "ಬನ್ನಿ ಸಾರ್" ಎಂದು ತಾನೇ ಒಳಗೆ ಕರೆದುಕೊಂಡು ಹೋದಳು.

ಸೂಜಿ ಚುಚ್ಚಿ ಗಂಟಿನ ಚೂರು ತೆಗೆದರು. ಹತ್ತು ದಿನಕ್ಕೆ ರಿಪೋರ್ಟು ಬಂತು. ಆಪರೇಷನ್ ಮಾಡುವ ಡಾಕ್ಟರು ನಲವತ್ತರ ಹೆಂಗಸು. ಸುತ್ತಿಬಳಸದೆ ಹೇಳಿದರು.

"ಇದು ಸ್ತನ ಕ್ಯಾನ್ಸರ್. ಗಂಡಸರಲ್ಲಿ ಅಪರೂಪ, ಈ ಕಾಯಿಲೆ ಬಂದ ನೂರು ಜನರಲ್ಲಿ ಒಬ್ಬರು ಗಂಡಸರಿರಬಹುದು. ಆದರೆ ಬರುತ್ತೆ. ಎಡಗಡೆ ಪೂರ್ತಿ ತೆಗೀಬೇಕು, ತೊಟ್ಟು ಸಮೇತ. ಕಂಕುಳಲ್ಲಿರೋ ಗಂಟುಗಳನ್ನೂ ತೆಗೀತೀವಿ. ಆಮೇಲೆ ಏನು ಚಿಕಿತ್ಸೆ ಅಂತ ಅದನ್ನ ಪರೀಕ್ಷೆ ಮಾಡಿ ಹೇಳ್ತೀನಿ."

"ತೆಗುದ್ರೆ ಬದುಕ್ತೀನಾ?"

"ಬದುಕಿಸೋಕೇ ತೆಗೀತಿರೋದು. ಇನ್ನೂ ಆರು ತಿಂಗಳು ಸೊಪ್ಪು ಕಟ್ಟಿಸಿಕೊಂಡಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ. ನಿಮ್ಮ ಮನೇಲಿ ಯಾರಿಗಾದ್ರೂ ಹಿಂದೆ ಈ ಥರ ಎದೆ ಕಾಯಿಲೆ ಆಗಿತ್ತಾ?"

"ಇಲ್ಲ" ಅಂದ ಗಂಗರಾಜು. ಅವನಿಗೆ ಗೊತ್ತಿದ್ದಂತೆ ಅದು ನಿಜವೇ. ತನ್ನ ಅಂಗೈ ನೋಡಿಕೊಂಡ. ಆಮೇಲೆ ತಲೆಯೆತ್ತಿದ. "ಯಾವತ್ತು ಬರ್ಬೇಕು ಹೇಳಿ ಮೇಡಂ. ಬತ್ತೀನಿ."

ಆ ದಿನದಿಂದ ಅವನು ಕುಂಟುನೆಪ ಹೇಳಲಿಲ್ಲ.

ಆಪರೇಷನ್ನಿಗೆ ಎರಡು ದಿನ ಮುಂಚೆ ಅವನ ಅಕ್ಕ ಚಿಕ್ಕಗಂಗಮ್ಮ ಕೆಂಕೆರೆಯಿಂದ ಬಂದಳು. ತಮ್ಮನಿಗಿಂತ ಮೂರು ವರ್ಷಕ್ಕೆ ದೊಡ್ಡವಳು. ಬಂದವಳು ತಮ್ಮನ ಪಕ್ಕ ಕುಳಿತು ಕಣ್ಣೀರು ಹಾಕಿದಳು. ಕಾಫಿ ಕುಡಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ತನ್ನ ಮಗಳ ವಿಷಯಕ್ಕೆ ಬಂದಳು.

"ಗಂಗ, ಮಧುಶ್ರೀಗೆ ತುರುವೇಕೆರೆ ಕಡೆಯಿಂದ ಗಂಡು ಗೊತ್ತಾಗೋ ಹಂಗೈತೆ. ಈ ಕಾಯ್ಲೆ ಹೆಸರು ಯಾರ್ ಮುಂದೂ ಎತ್ಬೇಡಿ. ರಕ್ತದಲ್ಲೇ ಐತೆ ಅಂತ ಮಾತಾಡ್ಕತಾರೆ."

"ಏನಂತ ಹೇಳ್ಬೇಕು ಮತ್ತೆ?" ನಿರ್ಮಲಾ ಕೇಳಿದಳು.

"ಹಾರ್ಟ್ ಅಂತ ಹೇಳಿ" ಅಂದಳು ಅಂಕಮ್ಮ. "ಹಾರ್ಟೂ ಎದೇಲೇ ಅಲ್ವಾ ಇರೋದು."

ಸುಷ್ಮಿತಾ ಕೆರಳಿದಳು. "ಸುಳ್ಳು ಯಾಕಜ್ಜಿ? ಕದ್ದು ಸಿಕ್ಕಾಕ್ಕೊಂಡಿದ್ದಾರಾ ಮಾವ?"

"ನಿಂಗೇನ್ ಗೊತ್ತು?" ಚಿಕ್ಕಗಂಗಮ್ಮ ಸಿಡಿದಳು. "ನಿಂದು ಮದ್ವೆ ಆಗೋಯ್ತು. ಹೆಣ್ಣೆತ್ತೋರ ಕಷ್ಟ ಹೆಣ್ಣೆತ್ತೋರಿಗೆ."

"ಸಾಕು" ಅಂದ ಗಂಗರಾಜು. "ಅಕ್ಕ, ನಿನ್ ಮಗಳ ಮದ್ವೆಗೆ ನಾನು ಅಡ್ಡ ಬರಲ್ಲ. ಹಾರ್ಟ್ ಅಂತ್ಲೇ ಅನ್ನಿ."

ಮಾರ್ಚಿ ಮೊದಲ ವಾರ ಆಪರೇಷನ್ ಆಯಿತು. ಮೂರು ಗಂಟೆ ಹಿಡಿಯಿತು. ಐದನೆಯ ದಿನ ಗಂಗರಾಜು ಮನೆಗೆ ಬಂದ. ಎಡ ಎದೆಯ ಮೇಲೆ ಅಡ್ಡಲಾಗಿ ಹೊಲಿಗೆ, ಮೇಲೆ ಬಟ್ಟೆ. ಕಂಕುಳ ಕೆಳಗಿನಿಂದ ಪ್ಲಾಸ್ಟಿಕ್ ಕೊಳವೆಯೊಂದು ಹೊರಬಂದು ಸಣ್ಣ ಡಬ್ಬಿಗೆ ಸೇರಿತ್ತು. ಒಳಗಿನ ನೀರು, ರಕ್ತ ಅದರಲ್ಲಿ ತುಂಬುತ್ತಿತ್ತು. ದಿನಕ್ಕೆರಡು ಸಲ ಅದನ್ನು ಖಾಲಿ ಮಾಡಿ, ಎಷ್ಟು ಬಂತು ಅಂತ ಬರೆದಿಡಬೇಕು. ಕಡಿಮೆಯಾದ ಮೇಲೆ ಕೊಳವೆ ತೆಗೆಯುತ್ತೇವೆ ಅಂದಿದ್ದರು.

ಮೊದಲನೆಯ ಸಂಜೆ ನಿರ್ಮಲಾ ಡಬ್ಬಿಯ ಮುಚ್ಚಳ ತೆಗೆದಳು. ವಾಸನೆ ಬಡಿದದ್ದೇ ಅಂಗಳಕ್ಕೆ ಓಡಿ ವಾಂತಿ ಮಾಡಿದಳು. ಪುನೀತ್ ಬಂದ, ಮೂಟೆ ಹೊತ್ತ ಕೈ, ಕೊಳವೆಯನ್ನು ಜಗ್ಗಿಬಿಟ್ಟ. ಗಂಗರಾಜು ಕೂಗಿಕೊಂಡ. ಸುಷ್ಮಿತಾ ಕೈ ತೊಳೆದುಕೊಂಡು ಬಂದು ಗಂಡನನ್ನು ಪಕ್ಕಕ್ಕೆ ಸರಿಸಿದಳು.

"ಮಾವ, ಅಂಗಿ ಬಿಚ್ಚಿ."

ಗಂಗರಾಜು ಗುಂಡಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕುಳಿತ.

"ಏಯ್, ಏನಮ್ಮ ಇದು?" ಅಂಕಮ್ಮ ಬಾಗಿಲಲ್ಲಿ ನಿಂತು ಗದರಿದಳು. "ಸೊಸೆ ಮಾವನ್ ಮೈ ಮುಟ್ಟೋದಾ? ನಮ್ ಕಾಲ್ದಲ್ಲಿ ಮಾವ ಪಡಸಾಲೆಗೆ ಬಂದ್ರೆ ಬಾಗ್ಲ ಹಿಂದೆ ನಿಂತ್ಕತಿದ್ವಿ."

"ಹಾಗಾದ್ರೆ ನೀವೇ ಮಾಡಿ ಅಜ್ಜಿ. ಹೆತ್ತೋರಲ್ವಾ? ನಾನು ಹೇಳ್ಕೊಡ್ತೀನಿ, ಬನ್ನಿ."

ಸೊಸೆ ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಕರೆದಿದ್ದಳು. ಅಂಕಮ್ಮ ಬೆಕ್ಕಸಬೆರಗಾಗಿ ನಿಂತಳು. ಆಮೇಲೆ ನಿಧಾನಕ್ಕೆ ಬಂದು ಮಗನ ಮುಂದೆ ಕುಳಿತಳು. ಸುಷ್ಮಿತಾ ಅಂಗಿ ಬಿಚ್ಚಿಸಿ, ಒದ್ದೆಯಾಗಿದ್ದ ಬಟ್ಟೆಯನ್ನು ಬಿಡಿಸಿದಳು. ಚಪ್ಪಟೆಯಾದ ಎದೆ, ಮೇಲೆ ಕಪ್ಪು ದಾರದ ಹೊಲಿಗೆ.

ಅಂಕಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. "ಗುರುಸಿದ್ದಮ್ಮಂಗೂ ಇಲ್ಲೇ ಕಣವ್ವ. ಇದೇ ಜಾಗ" ಅಂದಳು.

ಕೋಣೆಯಲ್ಲಿದ್ದ ಮೂವರೂ ಅವಳ ಕಡೆ ತಿರುಗಿದರು.

"ಗುರುಸಿದ್ದಮ್ಮ ಅಂದ್ರೆ ನಮ್ ಸೋದರತ್ತೆ" ಎಂದ ಗಂಗರಾಜು. "ಅಪ್ಪನ ತಂಗಿ. ಹೊಟ್ಟೆನೋವಲ್ಲಿ ಹೋದ್ಲು ಅಂತಿದ್ರಲ್ಲವ್ವ?"

"ಹೊಟ್ಟೆನೋವಲ್ಲ ಕಣ್ಲಾ. ಎದೇಲಿ ಹುಣ್ಣಾಗಿ ಕೊಳೀತು. ನಲವತ್ತು ತುಂಬಿರ್ಲಿಲ್ಲ. ಗಂಡನ ಮನೆಯೋರು ತಂದು ಬಿಟ್ಟೋದ್ರು. ಹಿಂದ್ಗಡೆ ಕೋಣೇಲಿ ನಾಕು ತಿಂಗ್ಳು ನಾನೇ ನೋಡ್ಕಂಡೆ. ಬೇವಿನ್ ನೀರಲ್ಲಿ ತೊಳೀತಿದ್ದೆ. ಯಾರ್ಗೂ ಹೇಳ್ಬೇಡ ಅತ್ಗೆ ಅಂತ ಕೈ ಮೇಲೆ ಭಾಷೆ ತಗಂಡ್ಲು. ನಿಮ್ಮಪ್ಪಂಗೂ ಹೇಳ್ಲಿಲ್ಲ."

"ಡಾಕ್ಟ್ರು ಮನೇಲಿ ಯಾರಿಗಾದ್ರೂ ಆಗಿತ್ತಾ ಅಂತ ಕೇಳ್ದಾಗ ಇಲ್ಲ ಅಂದ್ಬಿಟ್ಟೆ ನಾನು!" ಗಂಗರಾಜುವಿನ ದನಿ ಏರಿತು. "ನಿರ್ಮಲಾ ಗಂಟು ಅಂದ ದಿನ್ವೇ ನೀನು ಬಾಯಿ ಬಿಟ್ಟಿದ್ರೆ ಮೂರು ವಾರ ಸೊಪ್ಪು ಕಟ್ಟಿಸ್ಕಂಡು ಕೂರ್ತಿದ್ನಾ?"

"ಗಂಡ್ಸಿಗೂ ಬತ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣಪ್ಪ." ಅಂಕಮ್ಮ ಅಳಲಿಲ್ಲ. ಕೈ ಚಾಚಿ ಡಬ್ಬಿಯನ್ನು ತಾನೇ ಎತ್ತಿಕೊಂಡಳು. "ಭಯ ಆಯ್ತು. ಸುಳ್ಳಾಗ್ಲಿ ಅಂತಿದ್ದೆ. ಸುಷ್ಮಿತಾ, ಇದನ್ನ ಹೆಂಗೆ ಬಗ್ಗಿಸ್ಬೇಕು ತೋರ್ಸು."

ಅಂದಿನಿಂದ ಇಬ್ಬರೂ ಸೇರಿ ಆ ಕೆಲಸ ಮಾಡಿದರು. ಅಜ್ಜಿ ಡಬ್ಬಿ ಹಿಡಿಯುವುದು, ಮೊಮ್ಮಗನ ಹೆಂಡತಿ ಅಳತೆ ನೋಡಿ ಬರೆಯುವುದು. ಹನ್ನೆರಡನೆಯ ದಿನ ಕೊಳವೆ ತೆಗೆದರು. ಗಂಗರಾಜು ದಿನಕ್ಕೆ ಮೂರು ಸಲ ಗೋಡೆಗೆ ಎದುರಾಗಿ ನಿಂತು ಎಡಗೈ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಬೇಕಿತ್ತು. ಮೊದಲ ವಾರ ಭುಜದ ಮಟ್ಟಕ್ಕೇ ಬೆವರು ಕಿತ್ತುಬರುತ್ತಿತ್ತು. "ಇವತ್ತಿಗೆ ಸಾಕು" ಅಂತ ಕೈ ಇಳಿಸಿದರೆ ನಿರ್ಮಲಾ ಬಿಡುತ್ತಿರಲಿಲ್ಲ. "ಇನ್ನೊಂದು ಗೇಣು ಹತ್ಸಿ, ಆಮೇಲೆ ರೊಟ್ಟಿ" ಅನ್ನುತ್ತಿದ್ದಳು. ಹಂಚಿನ ಮೇಲೆ ಅಕ್ಕಿರೊಟ್ಟಿ ಸುಡುತ್ತಲೇ ಕಣ್ಣು ಇತ್ತ ಇಟ್ಟಿರುತ್ತಿದ್ದಳು. ಬೈದುಕೊಳ್ಳುತ್ತಲೇ ಅವನು ಹತ್ತಿಸುತ್ತಿದ್ದ.

ಇತ್ತ ಹಾರ್ಟಿನ ಸುದ್ದಿ ಊರು ತುಂಬಿತ್ತು. ನೋಡಲು ಬಂದವರೆಲ್ಲ ಎಣ್ಣೆ ಬಿಡು, ಉಪ್ಪು ಬಿಡು, ಕಾಯಿಚಟ್ನಿ ಬಿಡು ಅಂದು ಹೋಗುತ್ತಿದ್ದರು. ಪಕ್ಕದ ತೋಟದವನು ಯೋಗೀಶ್, ಗಂಗರಾಜುವಿನ ಜೊತೆ ಶಾಲೆಗೆ ಹೋದವನು. ಒಂದು ಬೆಳಿಗ್ಗೆ ಬಂದು ಜಗಲಿಯ ಮೇಲೆ ಕುಳಿತ.

"ಸ್ಟೆಂಟ್ ಹಾಕಿದ್ರಾ, ಬೈಪಾಸ್ ಮಾಡಿದ್ರಾ ಕಣ್ಲಾ? ನಮ್ ಭಾವಂಗೆ ಕಾಲಿಂದ ನರ ತೆಗೆದಿದ್ರು. ನಿನ್ ಕಾಲು ತೋರ್ಸು."

ಗಂಗರಾಜು ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. ಆಮೇಲೆ ಅವನಿಗೇ ನಗು ಬಂತು. ನಕ್ಕರೆ ಹೊಲಿಗೆ ಜಗ್ಗಿತು. ಎದೆ ಹಿಡಿದುಕೊಂಡೇ ಹೇಳಿದ: "ಹಾರ್ಟೂ ಇಲ್ಲ, ಗೀರ್ಟೂ ಇಲ್ಲ ಕಣ್ಲಾ. ಎದೇಲಿ ಕ್ಯಾನ್ಸರ್ ಆಗಿತ್ತು. ಹೆಂಗಸ್ರಿಗೆ ಆಯ್ತದಲ್ಲ, ಅದೇ. ಎಡಗಡೆ ಪೂರ್ತಿ ತೆಗುದವ್ರೆ."

ಯೋಗೀಶ್ ಬಾಯಿ ತೆರೆದು ಕುಳಿತ. ಒಳಗೆ ನಿರ್ಮಲಾ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಯೋಗೀಶ್, "ಗಂಡಸ್ರಿಗೂ ಆಯ್ತದಾ?" ಅಂದ. ಆಮೇಲೆ ದನಿ ತಗ್ಗಿಸಿ, "ಹೆಂಗಿರ್ತದೆ ಕಣ್ಲಾ ಅದು? ಗಂಟು?" ಅಂತ ಕೇಳುತ್ತಾ ತನ್ನ ಅಂಗಿಯ ಮೇಲೆ ಕೈಯಾಡಿಸಿ ನೋಡಿಕೊಂಡ. ಗಂಗರಾಜು ಬಿಡಿಸಿ ಹೇಳಿದ. ಅಂದು ಮಧ್ಯಾಹ್ನದ ಹೊತ್ತಿಗೆ ಬಿಳಿಗೆರೆಗೆಲ್ಲ ನಿಜ ಗೊತ್ತಾಯಿತು. ಯಾರೂ ನಗಲಿಲ್ಲ. ಸಂಜೆ ಯೋಗೀಶನ ಹೆಂಡತಿ ಪಾತ್ರೆ ತುಂಬ ಕಾಯಿಚಟ್ನಿ ಕೊಟ್ಟುಕಳಿಸಿದಳು.

ಕಂಕುಳಲ್ಲಿ ತೆಗೆದ ಗಂಟುಗಳ ಪೈಕಿ ಎರಡರಲ್ಲಿ ಕಾಯಿಲೆ ಸಿಕ್ಕಿತ್ತು. ಮೂರು ವಾರಕ್ಕೊಮ್ಮೆ ಕೀಮೋ, ಆಮೇಲೆ ರೇಡಿಯೇಷನ್, ಅದು ಮುಗಿದ ಮೇಲೆ ಐದು ವರ್ಷ ದಿನಕ್ಕೊಂದು ಮಾತ್ರೆ ಅಂದರು ಡಾಕ್ಟರು. ಸೋದರತ್ತೆಯ ವಿಷಯವನ್ನು ಗಂಗರಾಜು ಮುಚ್ಚಿಡದೆ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ರಕ್ತ ತೆಗೆಸಿ ಬೇರೊಂದು ಪರೀಕ್ಷೆಗೆ ಕಳಿಸಿದರು. ಒಂದು ತಿಂಗಳ ಮೇಲೆ ಅದರ ರಿಪೋರ್ಟು ಬಂತು.

"ವಂಶದಲ್ಲಿ ಇಳಿದು ಬರೋ ದೋಷ ಇದು. ಕಾಯಿಲೆ ಬಂದೇ ಬರುತ್ತೆ ಅಂತಲ್ಲ, ಬರೋ ಸಾಧ್ಯತೆ ಹೆಚ್ಚು. ನಿಮ್ಮ ಮಗ ಪರೀಕ್ಷೆ ಮಾಡಿಸಬೇಕು. ಒಡಹುಟ್ಟಿದವರು ಇದ್ದಾರಾ?"

"ಅಕ್ಕ ಅವ್ಳೆ. ಅವ್ಳಿಗೊಬ್ಳು ಮಗಳು."

"ಅಕ್ಕನಿಗೆ ಮೊದಲು ಹೇಳಿ. ಇವತ್ತೇ ಹೇಳಿ."

ಪುನೀತ್ ಅಂದೇ ರಕ್ತ ಕೊಟ್ಟ. ಗಂಗರಾಜು ಅಕ್ಕನಿಗೆ ಫೋನು ಮಾಡಿದ. ಚಿಕ್ಕಗಂಗಮ್ಮ ಪೂರ್ತಿ ಕೇಳಲಿಲ್ಲ. "ಊರಿಗೆಲ್ಲ ಡಂಗುರ ಹೊಡ್ಸಿದ್ದು ಸಾಲ್ದಾ? ತುರುವೇಕೆರೆಯೋರು ಇನ್ನೂ ಒಪ್ಪಿಲ್ಲ. ಫೋನಿಡು" ಅಂದಳು. ಮಾರನೆಯ ದಿನ ಫೋನು ಎತ್ತಲೇ ಇಲ್ಲ.

"ಬುಡಿ, ಅವ್ರಿಷ್ಟ" ಅಂದಳು ನಿರ್ಮಲಾ. ಗಂಗರಾಜುವಿಗೆ ಆಗ ಎರಡನೆಯ ಕೀಮೋ ಆಗಿತ್ತು. ತಲೆಗೂದಲು ಉದುರಿ, ಬಾಯಿ ಹುಣ್ಣಾಗಿ, ಗಂಜಿ ಬಿಟ್ಟರೆ ಏನೂ ಸೇರುತ್ತಿರಲಿಲ್ಲ.

"ನಾನೇ ಹೋಗ್ತೀನಿ" ಅಂದ ಅವನು. "ಕೂತ್ಕಳಕ್ಕಾದ್ರೆ ಸಾಕು."

"ನಾನೂ ಬತ್ತೀನಿ" ಅಂದಳು ಅಂಕಮ್ಮ.

"ನೀನ್ಯಾಕವ್ವ ಈ ಬಿಸ್ಲಲ್ಲಿ?"

"ಅವ್ಳಿಗೆ ಹೇಳ್ಬೇಕಾದ್ದು ನಾನು. ನೀನಲ್ಲ."

ಮೇ ತಿಂಗಳ ಒಂದು ಗುರುವಾರ ಯೋಗೀಶನ ಕಾರನ್ನು ಕೇಳಿ ತಂದು ಪುನೀತ್ ಮೂವರನ್ನೂ ಹತ್ತಿಸಿಕೊಂಡ: ಅಪ್ಪ, ಅಜ್ಜಿ, ಸುಷ್ಮಿತಾ. ಹುಳಿಯಾರು ದಾಟಿ ಕೆಂಕೆರೆ ಮುಟ್ಟಿದಾಗ ಹನ್ನೊಂದು ಗಂಟೆ. ಚಿಕ್ಕಗಂಗಮ್ಮನ ಗಂಡ ಬೀರಲಿಂಗಯ್ಯ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮಧುಶ್ರೀಗೆ ಇಪ್ಪತ್ತನಾಲ್ಕು, ಹುಳಿಯಾರಿನ ಶಾಲೆಯೊಂದರಲ್ಲಿ ಟೀಚರು, ಬೇಸಿಗೆ ರಜ.

ತಮ್ಮನ ಬೋಳು ತಲೆ ಕಂಡು ಚಿಕ್ಕಗಂಗಮ್ಮ ಬಾಗಿಲಲ್ಲೇ ನಿಂತಳು. ಆದರೂ ಮಾತಿನಲ್ಲಿ ಬಿಗಿ ಬಿಡಲಿಲ್ಲ.

"ಅದನ್ನೇ ಹೇಳಕ್ಕೆ ಬಂದಿದ್ರೆ ಹೇಳ್ಬೇಡಿ. ಊಟ ಮಾಡ್ಕಂಡು ಹೋಗಿ."

ಅಂಕಮ್ಮ ಅಡುಗೆಮನೆಗೇ ಹೋಗಿ ಒಲೆಯ ಪಕ್ಕ ಕುಳಿತಳು. ಯಾರ ಒಪ್ಪಿಗೆಯನ್ನೂ ಕೇಳದೆ ಗುರುಸಿದ್ದಮ್ಮನ ಕಥೆ ಶುರು ಮಾಡಿದಳು. ಗಂಡನ ಮನೆಯವರು ತಂದು ಬಿಟ್ಟುಹೋದದ್ದು, ನಾಲ್ಕು ತಿಂಗಳು, ಬೇವಿನ ನೀರು, ಕೊನೆಕೊನೆಗೆ ಕೋಣೆಗೆ ಹೋಗಲು ತನಗೇ ಆಗದೆ ಹೊಸ್ತಿಲಲ್ಲಿ ನಿಂತು ಅತ್ತದ್ದು, ಒಂದೂ ಬಿಡಲಿಲ್ಲ.

"ಮುಚ್ಚಿಟ್ಟು ನಾನು ಏನ್ ಉಳಿಸ್ಕಂಡೆ ಹೇಳು? ಅವ್ಳು ಹೋದ್ಲು. ಇವ್ನೂ ಹೋಗ್ತಿದ್ದ."

"ನಂಗೇನೂ ಆಗಿಲ್ಲವ್ವ" ಚಿಕ್ಕಗಂಗಮ್ಮ ಬೆನ್ನು ತಿರುಗಿಸಿ ಪಾತ್ರೆ ಜೋಡಿಸತೊಡಗಿದಳು.

ಗಂಗರಾಜು ಅಡುಗೆಮನೆಯ ಬಾಗಿಲಿಗೆ ಬಂದು ಅಂಗಿಯ ಗುಂಡಿ ಬಿಚ್ಚಿದ. "ಅಕ್ಕ, ಇಲ್ನೋಡು."

"ಬ್ಯಾಡ ಕಣ್ಲಾ."

"ನೋಡಕ್ಕ. ಇಷ್ಟೇ ಇದು. ನಾನು ಇದಕ್ಕೆ ಎಷ್ಟು ನಾಚ್ಕಂಡಿದ್ದೆ ಅಂದ್ರೆ ಸಾಯಕ್ಕೂ ತಯಾರಾಗಿದ್ದೆ."

ಅವಳು ತಿರುಗಿದಳು. ಎಡ ಕಂಕುಳಿಂದ ಎದೆಯ ನಡುವಿನವರೆಗೆ ಎಳೆದ ಗೆರೆ, ಈಗ ತಿಳಿಗೆಂಪಾಗಿ ಮಾಯ್ದಿತ್ತು. ಚಿಕ್ಕಗಂಗಮ್ಮ ಹತ್ತಿರ ಬಂದು, ಎಳೆಯ ಮಗುವಿನ ನೆತ್ತಿ ಮುಟ್ಟುವಂತೆ ಆ ಗೆರೆಯನ್ನು ಮುಟ್ಟಿದಳು. ಅವಳ ಮುಖ ಕಿವುಚಿತು. ಏನೋ ಹೇಳಲು ಬಾಯಿ ತೆರೆದು, ಹೇಳಲಾಗದೆ, ತಾಯಿಯ ರಟ್ಟೆ ಹಿಡಿದು ಎಬ್ಬಿಸಿ ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಅಂಕಮ್ಮನ ದನಿ ಬಂತು. "ಸುಷ್ಮಿತಾ, ಬಾರವ್ವ ಇಲ್ಲಿ."

ಸುಷ್ಮಿತಾ ಒಳಗೆ ಹೋಗಿ ಐದು ನಿಮಿಷಕ್ಕೆ ಬಂದಳು. "ಮಾವ, ಇದೆ. ಬಲಗಡೆ. ಬಟಾಣಿ ಕಾಳಿನಷ್ಟು. ನಿಮ್ಮದಕ್ಕಿಂತ ತುಂಬ ಚಿಕ್ಕದು. ಇವತ್ತೇ ತೋರಿಸ್ಬೇಕು."

ಚಿಕ್ಕಗಂಗಮ್ಮ ಸೆರಗು ಸರಿ ಮಾಡಿಕೊಳ್ಳುತ್ತ ಹಿಂದೆಯೇ ಬಂದಳು. "ಸಂಕ್ರಾಂತಿ ಹೊತ್ತಿಂದ್ಲೂ ಐತೆ. ಇವ್ಳ ಮದ್ವೆ ಒಂದಾಗೋಗ್ಲಿ ಅಂತ ಕಾಯ್ತಿದ್ದೆ."

"ನೀನಿಲ್ದೆ ಎಂಥಾ ಮದ್ವೆನವ್ವ ನಂಗೆ?" ಮಧುಶ್ರೀ ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಈಗ ಅವಳ ದನಿ ಗೋಡೆಗೆ ಬಡಿಯಿತು. "ತುರುವೇಕೆರೆಯೋರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ನಮ್ಮವ್ವಂಗೆ ಹೀಗೈತೆ, ಮಾವಂಗೆ ಹೀಗಾಗೈತೆ, ನಾನೂ ಟೆಸ್ಟ್ ಮಾಡಿಸ್ತೀನಿ ಅಂತ. ಆಮೇಲೂ ಬರೋರು ಬರ್ಲಿ."

"ಬರ್ದಿದ್ರೆ?"

"ಬರ್ದಿದ್ರೆ ಬ್ಯಾಡ. ನಂಗೆ ಕೆಲ್ಸ ಐತೆ, ಅನ್ನ ಐತೆ. ನೀನು ಹೋಗಿ ಸೀರೆ ಎತ್ತಿಟ್ಕೋ."

ಚಿಕ್ಕಗಂಗಮ್ಮ ತಮ್ಮನ ಪಕ್ಕ ನೆಲದ ಮೇಲೆ ಕುಳಿತಳು. "ಗಂಗ, ಕೊಯ್ಯುವಾಗ ಗೊತ್ತಾಯ್ತದಾ?"

"ಕೊಯ್ಯುವಾಗ ಗೊತ್ತಾಗಲ್ಲ. ಎದ್ಮೇಲೆ ಗೊತ್ತಾಯ್ತದೆ. ಸುಳ್ಳು ಹೇಳಲ್ಲ, ನೋಯ್ತದೆ. ಮಾರ್ನೇ ದಿನ ಕೂರಿಸ್ತಾರೆ, ಅದ್ರ ಮಾರ್ನೇ ದಿನ ನಡೆಸ್ತಾರೆ. ಕೈ ಎತ್ತಕ್ಕೆ ಒಂದು ತಿಂಗ್ಳು ಬೇಕು."

"ಆಮೇಲೆ?"

"ಆಮೇಲೆ ಇಲ್ಲಿ ಕೂತಿದ್ದೀನಲ್ಲ, ಹಿಂಗೆ."

ಅವಳು ಎದ್ದಳು. ಒಲೆಗೆ ಎಸರಿಟ್ಟಳು, ಮುದ್ದೆ ತೊಳಸಿದಳು. ತಮ್ಮನಿಗೆ ಬೇರೆಯಾಗಿ ಗಂಜಿ ಕಾ‍ಯಿಸಿದಳು. ಎಲ್ಲರೂ ಉಂಡರು. ಅವಳೂ ಉಂಡಳು. ಆಮೇಲೆ ಬ್ಯಾಗಿಗೆ ಎರಡು ಸೀರೆ ಹಾಕಿಕೊಂಡು, ಮಗಳನ್ನೂ ಹೊರಡಿಸಿ, ಕಾರಿನ ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕುಳಿತಳು.

ಪುನೀತ್ ಗಾಡಿ ಶುರು ಮಾಡುವ ಹೊತ್ತಿಗೆ ಸುದ್ದಿ ಮುಟ್ಟಿ ಬೀರಲಿಂಗಯ್ಯ ಹೊಲದಿಂದ ದೌಡಾಯಿಸಿ ಬಂದರು. ಕಾಲೆಲ್ಲ ಮಣ್ಣು. ಬೀದಿಯ ನಾಲ್ಕಾರು ಜನ ಆಗಲೇ ಅರಳಿಕಟ್ಟೆಯಿಂದ ಎದ್ದು ಕಾರಿನ ಸುತ್ತ ಬಂದಿದ್ದರು.

"ಎಲ್ಲಿಗೆ ಹೊಂಟ್ರಿ ಎಲ್ರೂ?"

ಅಂಕಮ್ಮ ಮಗಳ ಮುಖ ನೋಡಿದಳು. ಚಿಕ್ಕಗಂಗಮ್ಮ ಕಿಟಕಿಯ ಗಾಜು ಪೂರ್ತಿ ಇಳಿಸಿದಳು.

"ತಿಪಟೂರು ಆಸ್ಪತ್ರೆಗೆ ಕಣ್ರೀ. ನನ್ ಎದೇಲಿ ಗಂಟೈತೆ, ತೋರ್ಸಿ ತೆಗಿಸ್ಕಳಕ್ಕೆ" ಎಂದು ಬೀದಿಯವರಿಗೆಲ್ಲ ಕೇಳುವಂತೆ ಹೇಳಿದಳು. "ಕಾಲು ತೊಳ್ಕಂಡು ಹಿಂದ್ಗಡೆ ಬಸ್ಸಿಗೆ ಬನ್ನಿ."